‘ನಾಯಿ ತಾನೆ?’ ಅನ್ನುವ ಊರಿನವರಿಗೆ

‘ಅಪ್ಪ ಸತ್ತಾಗ ಒಂದು ಹನಿ ಕಣ್ಣೀರು ಹಾಕದವನು ನಾಯಿ ಸತ್ತದ್ದಕ್ಕೆ ಎರಡು ದಿನ ಊಟ ಬಿಟ್ಟನಂತೆ. ಮುಂಬೈ ನೀರು ಕುಡಿದರೆ ಹೀಗೇ ಆಗೋದು.’

ಈ ಮಾತು ಹೇಳಿದವರು ನನ್ನ ದಾಯಾದಿಯೊಬ್ಬರು. ಹೇಳಿದ್ದು ಸಿರ್ಸಿ ಕಡೆಯ ಒಂದು ಮದುವೆ ಮನೆಯಲ್ಲಿ, ಎರಡನೇ ಪಂಕ್ತಿಯ ಊಟದ ಹೊತ್ತಿಗೆ. ನಾನು ಅಲ್ಲಿರಲಿಲ್ಲ. ಆದರೆ ಇಂಥ ಮಾತುಗಳಿಗೆ ಟಿಕೆಟ್ ರಿಸರ್ವೇಶನ್ ಬೇಕಾಗುವುದಿಲ್ಲ ನೋಡಿ, ಅದೇ ಸಂಜೆ ಡೊಂಬಿವಲಿಯ ನಮ್ಮ ನಾಲ್ಕನೇ ಮಹಡಿಗೆ ಬಂದು ಮುಟ್ಟಿತು. ಕೇಳಿ ನಕ್ಕುಬಿಡಬೇಕು ಅಂದುಕೊಂಡೆ, ಆಗಲಿಲ್ಲ. ಯಾಕೆಂದರೆ ಮಾತಿನ ಮೊದಲ ಅರ್ಧ ಸತ್ಯವಾಗಿತ್ತು. ಎರಡನೇ ಅರ್ಧವೂ ಹೆಚ್ಚುಕಡಿಮೆ ಸತ್ಯವೇ. ತಪ್ಪಿದ್ದದ್ದು ಎರಡನ್ನೂ ಸೇರಿಸಿ ಹೊಲಿದ ದಾರದಲ್ಲಿ.

ಆ ದಾರವನ್ನು ಬಿಚ್ಚಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿರುವ ನೀವು ಸ್ವಲ್ಪ ಸಾವಧಾನವಾಗಿ ಓದಿ. ಬೈಯುವುದಿದ್ದರೆ ಕೊನೆಯಲ್ಲಿ ಬೈಯಿರಿ.

ಮೊದಲು ನಾಯಿಯ ಪರಿಚಯ. ಹೆಸರು ಕೆಂಚ. ಜಾತಿ ಗೀತಿ ಏನೂ ಇಲ್ಲ, ಅಪ್ಪಟ ಬೀದಿಯದು. 2005ರ ಜುಲೈ 26ರಂದು ಮುಂಬೈಯಲ್ಲಿ ಆಕಾಶ ಒಡೆದ ಕಥೆ ನಿಮಗೂ ಗೊತ್ತಿರಬೇಕು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ನಾನು ಫೋರ್ಟ್‌ನ ಆಫೀಸಿನಲ್ಲಿ ಸಿಕ್ಕಿಬಿದ್ದು, ಅರ್ಧ ದಾರಿ ಹಳಿಯ ಮೇಲೆ ನಡೆದು, 28ರ ಬೆಳಿಗ್ಗೆ ಮನೆ ತಲುಪಿದೆ. ಬಾಗಿಲು ತೆರೆದರೆ ಒಂಬತ್ತು ವರ್ಷದ ಮಗಳ ಮಡಿಲಲ್ಲಿ ಹಳೇ ಲುಂಗಿಯಲ್ಲಿ ಸುತ್ತಿದ ಒಂದು ಕೆಂಪು ಮರಿ. ನೀರಲ್ಲಿ ತೇಲಿಬಂದು ನಮ್ಮ ಬಿಲ್ಡಿಂಗಿನ ಮೆಟ್ಟಿಲಿಗೆ ಸಿಕ್ಕಿಕೊಂಡಿತ್ತಂತೆ. ‘ಮಳೆ ನಿಂತಮೇಲೆ ಬಿಟ್ಟುಬಿಡೋಣ’ ಅಂದೆ. ಮಳೆ ನಿಂತು ಹದಿನಾಲ್ಕು ವರ್ಷ ಆದರೂ ಬಿಡಲಿಲ್ಲ. 2019ರ ನವೆಂಬರ್‌ನಲ್ಲಿ ಕೆಂಚನೇ ನಮ್ಮನ್ನು ಬಿಟ್ಟ.

ಈಗ ಒಂದು ಲೆಕ್ಕ ಹೇಳುತ್ತೇನೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಲೆಕ್ಕ ಬಿಟ್ಟರೆ ನನಗೆ ಬೇರೆ ಭಾಷೆ ಬರುವುದಿಲ್ಲ.

ನಾನು ಊರು ಬಿಟ್ಟದ್ದು 1986ರಲ್ಲಿ. ಅಪ್ಪ ಹೋದದ್ದು 2011ರಲ್ಲಿ. ನಡುವೆ ಇಪ್ಪತ್ತೈದು ವರ್ಷ. ವರ್ಷಕ್ಕೆ ಹದಿನೈದು ದಿನದ ರಜೆಯಲ್ಲಿ ಊರಿಗೆ ಬರುತ್ತಿದ್ದೆ. ಎಲ್ಲ ಸೇರಿಸಿದರೆ 375 ದಿನ. ಅದರಲ್ಲೂ ಮದುವೆ, ಮುಂಜಿ, ಬಂಧುಗಳ ಮನೆ ಅಂತ ತಿರುಗಿದ್ದನ್ನು ಕಳೆದರೆ ಅಪ್ಪನ ಜತೆ ಕೂತು ಎಲೆ ಅಡಿಕೆ ಹಾಕಿದ್ದು ನೂರು ದಿನವೂ ಇರಲಿಕ್ಕಿಲ್ಲ. ಕೆಂಚನ ಜತೆ? ಹದಿನಾಲ್ಕು ವರ್ಷ ಅಂದರೆ ಐದು ಸಾವಿರದ ನೂರು ದಿನ ಮೇಲಾಯಿತು. ದಿನಕ್ಕೆ ಎರಡು ಸಲ ಕೆಳಗಿಳಿಸಿ ತಿರುಗಾಡಿಸಿದ್ದು ಹತ್ತು ಸಾವಿರ ಸಲ. ಬೆಳಿಗ್ಗೆ ಐದೂವರೆಗೆ ಒಮ್ಮೆ, ರಾತ್ರಿ ಕೊನೆಯ ಲೋಕಲ್ ಇಳಿದು ಬಂದಮೇಲೆ ಇನ್ನೊಮ್ಮೆ.

ನಾಯಿ ಅಪ್ಪನಿಗಿಂತ ದೊಡ್ಡದು ಅಂತ ನಾನು ಹೇಳುತ್ತಿಲ್ಲ ಮಾರಾಯ್ರೆ. ಹಾಗೆ ಹೇಳಿದರೆ ನನ್ನ ನಾಲಗೆ ಬಿದ್ದುಹೋಗಲಿ. ದಿನಗಳ ಲೆಕ್ಕ ಮಾತ್ರ ಹೇಳುತ್ತಿದ್ದೇನೆ. ಸಾವು ಬಂದಾಗ ಮನಸ್ಸು ಸಂಬಂಧದ ಹೆಸರನ್ನಷ್ಟೇ ನೋಡುವುದಿಲ್ಲ, ಅಭ್ಯಾಸವನ್ನೂ ನೋಡುತ್ತದೆ. ಅಪ್ಪ ಹೋದ ಮಾರನೇ ತಿಂಗಳು ಡೊಂಬಿವಲಿಯ ನನ್ನ ದಿನಚರಿಯಲ್ಲಿ ಏನೂ ಬದಲಾಗಲಿಲ್ಲ. 7.52ರ ಫಾಸ್ಟ್ ಲೋಕಲ್ಲು, ಡಬ್ಬಿ, ಲೆಡ್ಜರು, ಎಲ್ಲ ಹಾಗೇ. ಅಪ್ಪ ಊರಲ್ಲಿ ಇನ್ನೂ ಇದ್ದಾರೆ ಅಂತಲೇ ನನ್ನ ದೇಹ ನಂಬಿತ್ತು. ಕೆಂಚ ಹೋದ ಮಾರನೇ ಬೆಳಿಗ್ಗೆ ಐದೂವರೆಗೆ ಎದ್ದು, ಚಪ್ಪಲಿ ಮೆಟ್ಟಿ, ಗೂಟಕ್ಕೆ ನೇತುಹಾಕಿದ್ದ ಹಗ್ಗಕ್ಕೆ ಕೈ ಹಾಕಿದೆ. ಆಮೇಲೆ ಏನು ಮಾಡಬೇಕು ಅಂತ ತಿಳಿಯದೆ ಬಾಗಿಲ ಹತ್ತಿರ ಹಾಗೇ ನಿಂತಿದ್ದೆ. ಹೆಂಡತಿ ಬಂದು ಕೈ ಹಿಡಿದು ಕೂರಿಸಿದಳು.

ಅಪ್ಪ ಸತ್ತಾಗ ಯಾಕೆ ಅಳಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಫೋನು ಬಂದದ್ದು ಬೆಳಗಿನ ಜಾವ ನಾಲ್ಕಕ್ಕೆ. ಹುಬ್ಬಳ್ಳಿ ಮೇಲೆ ಬಸ್ಸು ಹಿಡಿದು ಬರುವಷ್ಟರಲ್ಲಿ ಮಾರನೇ ದಿನ ಆಗಿತ್ತು. ಆಷಾಢದ ಮಳೆ, ಎಷ್ಟು ಹೊತ್ತು ಅಂತ ಇಟ್ಟುಕೊಂಡಾರು? ತಮ್ಮ ಬೆಂಕಿ ಕೊಟ್ಟಾಗಿತ್ತು. ನನಗೆ ಸಿಕ್ಕಿದ್ದು ಒದ್ದೆ ಬೂದಿ. ಅಲ್ಲಿಂದ ಹದಿಮೂರನೇ ದಿನದವರೆಗೆ ಪುರೋಹಿತರು, ಪಾತ್ರೆ, ಎಷ್ಟು ಜನ ಊಟಕ್ಕೆ, ಯಾರಿಗೆ ಹೇಳಿದ್ದೇವೆ, ಯಾರಿಗೆ ಬಿಟ್ಟಿದ್ದೇವೆ. ಹದಿನಾಲ್ಕನೇ ದಿನ ಬಸ್ಸು. ಪರವೂರಿನಲ್ಲಿರುವವರಲ್ಲಿ ನೂರಕ್ಕೆ ತೊಂಬತ್ತು ಜನರ ಕಥೆ ಇದೇ. ನಮ್ಮ ಸಾವುಗಳೆಲ್ಲ ಫೋನಿನಲ್ಲಿ ಆಗುತ್ತವೆ, ಅಳು ಮಾತ್ರ ಎಲ್ಲೋ ದಾರಿಯಲ್ಲಿ ಲಗೇಜಿನ ಹಾಗೆ ತಪ್ಪಿಹೋಗುತ್ತದೆ. ಎಂಟು ವರ್ಷದ ಮೇಲೆ ಒಂದು ನಾಯಿಯ ತಲೆ ತೊಡೆಯ ಮೇಲೆ ತಣ್ಣಗಾದಾಗ ಆ ಲಗೇಜು ಸಿಕ್ಕಿತು. ನಾನು ಅವತ್ತು ಅತ್ತದ್ದು ಒಬ್ಬನಿಗಲ್ಲ. ಇದು ನಿಮಗೆ ನಾಚಿಕೆಗೇಡು ಅನ್ನಿಸಿದರೆ ಅನ್ನಿಸಲಿ.

ಇನ್ನು ವಾದಕ್ಕೆ ಬರೋಣ. ‘ನಾಯಿ ತಾನೆ?’ ಅನ್ನುವವರು ಸಾಮಾನ್ಯವಾಗಿ ನಾಲ್ಕು ಮಾತು ಆಡುತ್ತಾರೆ.

ಮೊದಲನೆಯದು: ‘ಇದೆಲ್ಲ ಪೇಟೆಯವರ ಶೋಕಿ. ನಮ್ಮ ಸಂಸ್ಕೃತಿಯಲ್ಲಿ ಇದು ಇರಲಿಲ್ಲ.’

ಸ್ವಾಮಿ, ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಒಮ್ಮೆ ಹೋಗಿ. ಅಲ್ಲಿ ಆತಕೂರು ಶಾಸನ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು, ಹತ್ತನೇ ಶತಮಾನದ ನಡುವಿನದು, ಕನ್ನಡದ್ದೇ. ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಶೌರ್ಯ ತೋರಿದ ಬೂತುಗನ ಕಡೆಯ ಮಣಲೇರ ಅನ್ನುವ ವೀರನಿಗೆ ರಾಜ ‘ಏನು ಬೇಕೋ ಕೇಳು’ ಅಂದ. ಅವನು ಕೇಳಿದ್ದು ಏನು ಗೊತ್ತೇ? ಕಾಳಿ ಅನ್ನುವ ಬೇಟೆನಾಯಿ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಜತೆ ಹೋರಾಡಿತು, ಎರಡೂ ಸತ್ತವು. ಮಣಲೇರ ‘ನಾಯಿ ತಾನೆ, ಇನ್ನೊಂದು ಕೊಡಿ’ ಅಂತ ರಾಜನ ಹತ್ತಿರ ಹೋಗಲಿಲ್ಲ. ಊರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ, ಆ ಕಲ್ಲಿಗೆ ಪೂಜೆ ನಡೆಯಬೇಕು ಅಂತ ವ್ಯವಸ್ಥೆ ಮಾಡಿದ. ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದ. ಕಲ್ಲಿನ ಮೇಲೆ ಈಗಲೂ ನಾಯಿ ಹಂದಿಯ ಮೇಲೆ ಬಿದ್ದ ಚಿತ್ರ ಕಾಣುತ್ತದೆ. ಸಾವಿರ ವರ್ಷದ ಹಿಂದಿನ ಮಂಡ್ಯದವನು ಪೇಟೆ ಶೋಕಿ ಮಾಡಿದ ಅನ್ನುತ್ತೀರಾ?

ಅದೂ ಬೇಡ, ಮಹಾಭಾರತಕ್ಕೇ ಬನ್ನಿ. ಮಹಾಪ್ರಸ್ಥಾನದಲ್ಲಿ ಹೆಂಡತಿ ಬಿದ್ದಳು, ತಮ್ಮಂದಿರು ಬಿದ್ದರು, ಧರ್ಮರಾಜ ನಡೆದೇ ನಡೆದ. ಸ್ವರ್ಗದ ರಥ ಬಂದಾಗ ಮಾತ್ರ ‘ಈ ನಾಯಿಯನ್ನು ಬಿಟ್ಟು ನಾನು ಹತ್ತುವುದಿಲ್ಲ’ ಅಂದುಬಿಟ್ಟ. ಇದನ್ನು ಹೇಳಿದರೆ ನಮ್ಮ ದಾಯಾದಿಗಳು ‘ಅದು ನಾಯಿ ಅಲ್ಲ, ಯಮಧರ್ಮ’ ಅನ್ನುತ್ತಾರೆ. ಹೌದು. ಆದರೆ ಹಟ ಹಿಡಿದು ನಿಂತಾಗ ಆ ಸಂಗತಿ ಧರ್ಮರಾಜನಿಗೆ ಗೊತ್ತಿರಲಿಲ್ಲವಲ್ಲ! ಅವನು ಹಟ ಹಿಡಿದದ್ದು ನಾಯಿಗಾಗಿಯೇ.

ಶಾಸನ, ಪುರಾಣ ಎಲ್ಲ ಪಕ್ಕಕ್ಕಿಡಿ. ನಮ್ಮನೆ ಕೊಟ್ಟಿಗೆಯ ಗಂಗೆ ಅನ್ನುವ ಮುದಿ ಹಸು ಸತ್ತ ದಿನ ಆಯಿ ಮಧ್ಯಾಹ್ನದವರೆಗೆ ಒಲೆ ಹಚ್ಚಲಿಲ್ಲ. ಅಪ್ಪ ತೋಟದ ಅಂಚಿನಲ್ಲಿ ಗುಂಡಿ ತೋಡಿಸಿ, ಅರಿಶಿನ ಕುಂಕುಮ ಹಾಕಿಸಿ, ಸ್ನಾನ ಮಾಡಿ ಒಳಗೆ ಬಂದರು. ಯಾರೂ ಅವರಿಗೆ ‘ದನ ತಾನೆ?’ ಅನ್ನಲಿಲ್ಲ. ಹಾಗಾದರೆ ಈ ‘ತಾನೆ’ ಯಾವಾಗ ಬಂತು? ನನಗನ್ನಿಸುವುದು, ಕೊಟ್ಟಿಗೆ ಖಾಲಿಯಾಗಿ ಅಲ್ಲಿ ಕಾರು ನಿಂತಮೇಲೆ ಬಂತು. ಅಂದರೆ ಪೇಟೆಯ ಶೋಕಿ ಯಾವುದು, ಹೇಳಿ? ನನ್ನ ಅಳುವೋ, ನಿಮ್ಮ ನಗುವೋ?

ಎರಡನೆಯದು: ‘ಊರಲ್ಲೂ ನಾಯಿ ಸಾಯುತ್ತವೆ. ನಾವು ಹೀಗೆ ಆಡುತ್ತೇವಾ?’

ಇದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಊರಿನ ನಾಯಿ ಅಂಗಳದ್ದು. ಅದಕ್ಕೆ ಅದರದ್ದೇ ಕೆಲಸ, ಅದರದ್ದೇ ಸ್ನೇಹಿತರು. ಒಂದು ಹೋದರೆ ಅಂಗಳದಲ್ಲಿ ಇನ್ನೊಂದಿರುತ್ತದೆ. ಸತ್ತರೆ ಹಲಸಿನ ಮರದ ಬುಡದಲ್ಲಿ ಎರಡು ಗುದ್ದಲಿ ಮಣ್ಣು ತೆಗೆದರೆ ಮುಗಿಯಿತು. ನಮ್ಮದು 550 ಚದರಡಿಯ ಮನೆ. ಅಷ್ಟರಲ್ಲಿ ನಾಲ್ಕು ಜೀವ. ಅವನು ಮಲಗಿದರೆ ನಾವು ದಾಟಿ ಹೋಗಬೇಕು, ನಾವು ಜಗಳ ಆಡಿದರೆ ಅವನು ಮಂಚದಡಿ ಸೇರಬೇಕು. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರ.

ಮತ್ತೆ ಇನ್ನೊಂದು ವಿಷಯ, ಇದನ್ನು ಊರಲ್ಲಿದ್ದು ಊಹಿಸುವುದು ಕಷ್ಟ. ನಮ್ಮ ಮಗಳು ಬೆಳೆಯುತ್ತ ಬೆಳೆಯುತ್ತ ಮರಾಠಿಗೆ ಹೋದಳು, ಆಮೇಲೆ ಇಂಗ್ಲಿಷಿಗೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಈಗ ಬೆಂಗಳೂರಿನಲ್ಲೇ ಕೆಲಸ, ಆದರೂ ಕನ್ನಡ ತಡವರಿಸುತ್ತಾಳೆ, ಅದು ಬೇರೆ ಕಥೆ. ನಾನು ಬೆಳಿಗ್ಗೆ ಏಳೂವರೆಗೆ ಹೋದರೆ ರಾತ್ರಿ ಒಂಬತ್ತಕ್ಕೆ ಬರುವವನು. ಇಡೀ ದಿನ ಹೆಂಡತಿ ಕನ್ನಡದಲ್ಲಿ ಮಾತಾಡಿದ್ದು ಯಾರ ಹತ್ತಿರ? ಕೆಂಚನ ಹತ್ತಿರ. ‘ಬಾರೋ’, ‘ಕೂತ್ಕೋ’, ‘ಸಾಕು ಸುಮ್ನಿರೋ’, ‘ನಿಮ್ಮಪ್ಪ ಇವತ್ತೂ ಲೇಟು ನೋಡು’. ಅವನಿಗೆ ಮರಾಠಿಯಲ್ಲಿ ‘ಇಕಡೇ ಯೇ’ ಅಂದರೆ ಕಿವಿ ಅಲ್ಲಾಡುತ್ತಿರಲಿಲ್ಲ. ಕನ್ನಡದಲ್ಲಿ ಕರೆದರೆ ಮೂರನೇ ಮಹಡಿಯಿಂದ ಓಡಿಬರುತ್ತಿದ್ದ. ಹುಟ್ಟಿದ್ದು ಮಹಾರಾಷ್ಟ್ರದ ಬೀದಿಯಲ್ಲಿ, ಬಾಳಿದ್ದು ಕನ್ನಡದಲ್ಲಿ. ಅವನು ಹೋದಮೇಲೆ ಹಗಲು ಹೊತ್ತು ನಮ್ಮ ಮನೆಯಲ್ಲಿ ಕನ್ನಡ ನಿಂತುಹೋಯಿತು. ವರ್ಷಕ್ಕೊಂದು ರಾಜ್ಯೋತ್ಸವ ಭಾಷಣ ಮಾಡಿ ಹೊರನಾಡಿನಲ್ಲಿ ಕನ್ನಡ ಉಳಿಸಿ ಅನ್ನುವವರು ಬೇಕಾದಷ್ಟಿದ್ದಾರೆ. ನಮ್ಮ ಮನೆಯಲ್ಲಿ ಅದನ್ನು ದಿನವೂ ಉಳಿಸಿದವನಿಗೆ ಬಾಲ ಇತ್ತು.

ಮೂರನೆಯದು ಎಲ್ಲಕ್ಕಿಂತ ಗಟ್ಟಿ ಮಾತು: ‘ಮನುಷ್ಯರು ಹಸಿವಿನಿಂದ ಸಾಯುತ್ತಿದ್ದಾರೆ, ಬೀದಿನಾಯಿ ಕಚ್ಚಿ ಮಕ್ಕಳು ರೇಬೀಸ್ ಬಂದು ಸಾಯುತ್ತಾರೆ, ನಿಮಗೆ ನಾಯಿಯ ಶೋಕವೇ?’

ರೇಬೀಸ್ ಲಕ್ಷಣ ಕಾಣಿಸಿಕೊಂಡಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಅದು ಹುಡುಗಾಟದ ಮಾತಲ್ಲ. ಬೀದಿನಾಯಿಗಳ ಲಸಿಕೆ, ಸಂತಾನಹರಣ ಇವನ್ನೆಲ್ಲ ನಗರಪಾಲಿಕೆಗಳು ಸರಿಯಾಗಿ ಮಾಡಲೇಬೇಕು. ಮಗುವನ್ನು ಕಳೆದುಕೊಂಡ ತಾಯಿಯ ಎದುರು ನಾನು ಕೆಂಚನ ಹೆಸರು ಎತ್ತುವುದಿಲ್ಲ, ಎತ್ತಲೂಬಾರದು. ಆದರೆ ದುಃಖವೇನು ರೇಶನ್ ಸಕ್ಕರೆಯೇ? ನಾನು ಒಂದು ಪಾವು ಹೆಚ್ಚು ತಗೊಂಡರೆ ಹಿಂದಿನವರಿಗೆ ಕಡಿಮೆ ಬೀಳುತ್ತದೆಯೇ? ನಾನು ನೋಡಿದ ಮಟ್ಟಿಗೆ ವ್ಯವಹಾರ ತಿರುಗಾಮುರುಗಾ. ನಾಯಿಯ ಸಾವಿಗೆ ನಗುವವರು ಮನುಷ್ಯರ ಸಾವಿಗೆ ಧಾರಾಳವಾಗಿ ಅಳುತ್ತಾರೆ ಅಂತೇನಿಲ್ಲ. ‘ಆಳು ತಾನೆ?’, ‘ಮುದುಕಿ ತಾನೆ, ವಯಸ್ಸಾಗಿತ್ತು’, ‘ಹೊಟ್ಟೆಯಲ್ಲೇ ಹೋದದ್ದು ತಾನೆ, ಇನ್ನೊಂದು ಆಗುತ್ತೆ’ ಅನ್ನುವವರೂ ಅವರೇ. ‘ತಾನೆ’ ಅನ್ನುವುದು ನಾಲಗೆಗೆ ಹತ್ತಿದ ಚಾಳಿ, ನಾಯಿಯ ಹತ್ತಿರ ಶುರುವಾಗಿ ನಾಯಿಯ ಹತ್ತಿರ ನಿಲ್ಲುವುದಿಲ್ಲ.

ಅಮೆರಿಕದ ಕೆನೆತ್ ಡೋಕಾ ಅನ್ನುವ ವಿದ್ವಾಂಸರು 1989ರಲ್ಲೇ ಇಂಥ ದುಃಖಗಳ ಬಗ್ಗೆ ಒಂದು ಪುಸ್ತಕ ತಂದಿದ್ದಾರೆ. ಸಮಾಜ ‘ಇದಕ್ಕೆ ಅಳುವ ಹಕ್ಕು ನಿನಗಿಲ್ಲ’ ಅಂದುಬಿಟ್ಟ ದುಃಖ ಹೆಚ್ಚು ಕಷ್ಟ ಕೊಡುತ್ತದೆ ಅನ್ನುವುದು ಅದರ ತಿರುಳು. ಅದನ್ನು ಓದಲು ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ ಸೂತಕದ ಪದ್ಧತಿಯಲ್ಲೇ ಆ ತಿಳಿವಳಿಕೆ ಇದೆ. ಹತ್ತು ದಿನ, ಹನ್ನೊಂದು, ಹದಿಮೂರು ಅಂತ ಯಾಕೆ ಇಟ್ಟರು? ಸತ್ತವರ ಸದ್ಗತಿಗೆ ಅನ್ನುತ್ತೀರಿ, ಸರಿ. ಆದರೆ ಉಳಿದವರು ಸ್ವಲ್ಪ ದಿನ ಕೂತು ಸುಧಾರಿಸಿಕೊಳ್ಳಲಿ, ನಾಲ್ಕು ಜನ ಬಂದು ಮಾತಾಡಿಸಲಿ ಅಂತಲೂ ಹೌದಲ್ಲವೇ? ನನಗೆ ನಾಯಿಯ ತಿಥಿ ಬೇಡ, ವಡೆ ಬೇಡ. ಒಬ್ಬರಾದರೂ ಬಂದು ಕೂತು ಮಾತಾಡಿಸಿದರೆ ಸಾಕಿತ್ತು. ಮಗಳು ಬೆಂಗಳೂರಿನ ಆಫೀಸಿನಲ್ಲಿ ಒಂದು ದಿನ ರಜೆ ಕೇಳಿದರೆ ‘ಸಿಕ್ ಲೀವ್ ಅಂತ ಬರೆದುಕೊಡು, ನಿಜ ಬರೀಬೇಡ, ಜನ ನಗ್ತಾರೆ’ ಅಂದರಂತೆ ಮೇಲಿನವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನೋಡಿ, ಸುಳ್ಳು ಬರೆದರೆ ರಜೆ ಇದೆ, ನಿಜ ಬರೆದರೆ ನಗು.

ನಾಲ್ಕನೆಯದು: ‘ಇನ್ನೊಂದು ತಂದರಾಯಿತು.’

ಕೆಂಚ ಸತ್ತ ಐದನೇ ದಿನ ಒಬ್ಬ ಹಿತೈಷಿಗಳು ‘ಲ್ಯಾಬ್ರಡಾರ್ ಮರಿ ಇದೆ, ತರಲಾ?’ ಅಂತ ಫೋನು ಮಾಡಿದರು. ಅವರ ಹೆಂಡತಿ ತೀರಿಕೊಂಡು ಎರಡು ವರ್ಷ ಆಗಿತ್ತು. ನಾನು ಬಾಯಿ ಬಿಟ್ಟು ಏನೂ ಅನ್ನಲಿಲ್ಲ.

ಈ ನಾಲ್ಕು ಮಾತು ಆಡುವವರಿಗೆ ಒಂದು ಸಂಗತಿ ಗೊತ್ತಿರುವುದಿಲ್ಲ. ಸಾಕುಪ್ರಾಣಿಯ ಸಾವಿನಲ್ಲಿ ಇರುವ ಒಂದು ಮುಳ್ಳು ಮನುಷ್ಯರ ಸಾವಿನಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಅದು ನಾವೇ ತೀರ್ಮಾನ ಮಾಡಬೇಕಾಗಿ ಬರುವುದು.

ಕೆಂಚನಿಗೆ ಕೊನೆಯ ವರ್ಷ ಮೂತ್ರಪಿಂಡ ಕೈಕೊಟ್ಟಿತು. ಮುದಿ ನಾಯಿಗಳಲ್ಲಿ, ಬೆಕ್ಕುಗಳಲ್ಲಿ ಇದು ಮಾಮೂಲು. ಮೊದಲು ನೀರು ಜಾಸ್ತಿ ಕುಡಿಯುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ, ಆಮೇಲೆ ಊಟ ಬಿಡುತ್ತದೆ, ವಾಂತಿ, ಬಾಯಲ್ಲಿ ಹುಣ್ಣು. ಕ್ರಿಯಾಟಿನಿನ್ ಅನ್ನುವ ಅಂಕಿ ಪ್ರತಿ ಸಲ ರಕ್ತ ಪರೀಕ್ಷೆಯಲ್ಲಿ ಏರುತ್ತಿತ್ತು. ಹೆಂಡತಿ ದಿನವೂ ಕತ್ತಿನ ಹಿಂದಿನ ಚರ್ಮದಡಿ ಸಲೈನ್ ಕೊಡುವುದು ಕಲಿತಳು. ಕೊನೆಗೆ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ ‘ಅವನಿಗೆ ನೋವಿದೆ. ಯೋಚನೆ ಮಾಡಿ’ ಅಂದರು. ಮೂರು ದಿನ ಯೋಚಿಸಿದೆವು. ನಾಲ್ಕನೇ ದಿನ ನಾನು ಕಾಗದಕ್ಕೆ ಸಹಿ ಹಾಕಿದೆ. ಮೊದಲು ನಿದ್ದೆಯ ಇಂಜೆಕ್ಷನ್, ಆಮೇಲೆ ಅರಿವಳಿಕೆಯ ಔಷಧವೇ ಹೆಚ್ಚಿನ ಪ್ರಮಾಣದಲ್ಲಿ. ಹೃದಯ ನಿಲ್ಲಲು ಕೆಲವೇ ನಿಮಿಷ.

ಲಕ್ಷಾಂತರ ರೂಪಾಯಿಯ ಸಾಲದ ಕಾಗದಗಳಿಗೆ ಸಹಿ ಹಾಕಿದ ಕೈ ಇದು. ಆ ಒಂದು ಸಹಿ ಮಾತ್ರ ಇವತ್ತಿಗೂ ಎದ್ದು ಬಂದು ಕೇಳುತ್ತದೆ. ಅವಸರ ಮಾಡಿದೆನೇ? ಅಥವಾ ಒಂದು ತಿಂಗಳು ತಡಮಾಡಿ ನರಳಿಸಿದೆನೇ? ಎರಡರಲ್ಲಿ ಒಂದು ತಪ್ಪು ಆಗಿಯೇ ಇರುತ್ತದೆ ಅಂತ ಮನಸ್ಸು ಹಟ ಹಿಡಿಯುತ್ತದೆ. ಇದನ್ನು ಹೊತ್ತುಕೊಂಡವರ ಎದುರು ‘ನಾಯಿ ತಾನೆ?’ ಅಂದರೆ ಅದು ಸಮಾಧಾನ ಅಲ್ಲ, ಗಾಯದ ಮೇಲೆ ಸುಣ್ಣ.

ಆಮೇಲಿನದು ಇನ್ನೂ ದೊಡ್ಡ ಪ್ರಶ್ನೆ. ಎಲ್ಲಿ ಇಡುವುದು? ನಾಲ್ಕನೇ ಮಹಡಿಯಲ್ಲಿರುವವನಿಗೆ ಭೂಮಿ ಎಲ್ಲಿದೆ? ನಮ್ಮ ಸೊಸೈಟಿಯ ಕಾರ್ಯದರ್ಶಿ ‘ಬೆಳಿಗ್ಗೆ ಕಸದ ಗಾಡಿ ಬರುತ್ತಲ್ಲ’ ಅಂದರು. ವಾಚ್‌ಮನ್ ‘ಖಾಡಿ ಕಡೆ ರಾತ್ರಿ ಹೋಗಿ ಹಾಕಿ ಬನ್ನಿ’ ಅಂದ. ಮುಂಬೈಯ ಮಲಾಡಿನಲ್ಲಿ ನಗರಪಾಲಿಕೆಯವರು ಸಾಕುಪ್ರಾಣಿಗಳಿಗೆಂದೇ ಗ್ಯಾಸಿನ ಚಿತಾಗಾರ ತೆರೆದದ್ದು 2023ರಲ್ಲಿ. ನಮಗೆ ನಾಲ್ಕು ವರ್ಷ ತಡ. ಕೊನೆಗೆ ನೆರವಿಗೆ ಬಂದವನು ಹಾಲಿನವನು. ಡೊಂಬಿವಲಿಯ ಮೂಲನಿವಾಸಿ, ಆಗ್ರಿ ಸಮಾಜದವನು, ಶೀಳ್ ರಸ್ತೆ ಕಡೆ ಅವನದ್ದೊಂದು ಭತ್ತದ ಗದ್ದೆ. ‘ಲೇಕರೂಚ್ ಹೋತಾ ನಾ’ ಅಂದ. ಮಗುವೇ ಆಗಿತ್ತಲ್ಲ ಅಂತ. ಟೆಂಪೋ ತಂದ, ಮಾವಿನ ಮರದ ಕೆಳಗೆ ತಾನೇ ಗುಂಡಿ ತೋಡಿದ, ದುಡ್ಡು ಕೊಟ್ಟರೆ ಕೈ ಹಿಂದೆ ಕಟ್ಟಿಕೊಂಡ. ಈಗ ಆ ಗದ್ದೆ ಇಲ್ಲ, ಟವರು ಎದ್ದಿದೆ. ಸಾವಿರ ವರ್ಷದ ಕಾಳಿಗೆ ಕಲ್ಲಿದೆ, ಕೆಂಚನ ಮೇಲೆ ಪಾರ್ಕಿಂಗ್ ಇದೆ. ಇರಲಿ. ಸಿಕ್ಕಿದ್ದು ಮಣ್ಣು, ಅದೇ ದೊಡ್ಡದು.

ಈ ಮುಂಬೈಗೂ ಒಂದು ಹಳೆಯ ನೆನಪಿದೆ ಅನ್ನಿ. 1832ರಲ್ಲಿ ಕಂಪನಿ ಸರ್ಕಾರ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಪಾರ್ಸಿಗಳು ಬೀದಿಗಿಳಿದು, ಅಂಗಡಿ ಮುಚ್ಚಿಸಿ, ಕೋಟೆಯ ಸೈನಿಕರಿಗೆ ಹೋಗುವ ಸಾಮಾನು ತಡೆದಿದ್ದರು. ಪರೇಲಿನ ಬಾಯಿ ಸಾಕರಬಾಯಿ ಪ್ರಾಣಿ ಆಸ್ಪತ್ರೆ 19ನೇ ಶತಮಾನದಿಂದ ನಡೆದುಬಂದಿದೆ. ಈ ಸಂದರ್ಭದಲ್ಲಿ ನನ್ನ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. 1990ರ ಸುಮಾರಿಗೆ ನಮ್ಮ ಶಾಖೆಯಲ್ಲಿ ಒಬ್ಬರು ಪಾರ್ಸಿ ಹಿರಿಯರಿದ್ದರು. ಅವರ ನಾಯಿ ಸತ್ತಿತೆಂದು ಒಂದು ದಿನ ರಜೆ ಹಾಕಿದರು. ಮಾರನೇ ದಿನ ಕ್ಯಾಂಟೀನಿನಲ್ಲಿ ನಾನು ಅವರಿಗೆ ಕೇಳುವ ಹಾಗೆ ‘ಎಷ್ಟು ದಿನ ಸೂತಕ?’ ಅಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಆ ನಗು ಹೇಗೆ ತಂದುಕೊಂಡರು ಅನ್ನುವುದು ನನಗೆ ಗೊತ್ತಾಗಲು ಸುಮಾರು ಮೂವತ್ತು ವರ್ಷ ಬೇಕಾಯಿತು. ಅವರು ಈಗಿಲ್ಲ, ಕ್ಷಮೆ ಕೇಳಲು ವಿಳಾಸ ಇಲ್ಲ. ಅಂದರೆ ನಿಮ್ಮ ಮೇಲೆ ನಾನು ಹೊರಿಸುತ್ತಿರುವ ತಪ್ಪಿನ ಮೊದಲ ಪಾಲು ನನ್ನದೇ.

2022ರಲ್ಲಿ ‘777 ಚಾರ್ಲಿ’ ಸಿನಿಮಾ ಬಂತು. ಕರ್ನಾಟಕವೆಲ್ಲ ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ತೀರಿಹೋದ ತಮ್ಮ ನಾಯಿಯನ್ನು ನೆನೆದು ಎಲ್ಲರೆದುರು ಅತ್ತದ್ದೂ ಸುದ್ದಿಯಾಯಿತು. ಆ ಮದುವೆ ಮನೆಯ ದಾಯಾದಿಗಳೂ ಸಂಸಾರ ಸಮೇತ ಹುಬ್ಬಳ್ಳಿಗೆ ಹೋಗಿ ನೋಡಿ ಬಂದು, ‘ತಡೆಯಲಿಕ್ಕೇ ಆಗಲಿಲ್ಲ ಮಾರಾಯ’ ಅಂತ ನನಗೇ ಫೋನು ಮಾಡಿದರು! ಸಂತೋಷ. ಪರದೆಯ ನಾಯಿಗೆ ಅಳಲು ಬರುವ ಕಣ್ಣಿಗೆ ಪಕ್ಕದ ಮನೆಯವನ ನಾಯಿ ಯಾಕೆ ಕಾಣಬಾರದು? ಟಿಕೆಟ್ ತಗೊಂಡರೆ ಮಾತ್ರ ಕರುಣೆಯೇ?

ಕೇಳಿದವರಿಗಾಗಿ ನಾಲ್ಕು ಮಾತು, ನಾವು ಪಟ್ಟು ಕಲಿತದ್ದು. ಪ್ರಾಣಿ ಸತ್ತ ದಿನವೇ ಅದರ ತಟ್ಟೆ, ಹಾಸಿಗೆ, ಹಗ್ಗ ಎತ್ತಿ ಎಸೆಯಬೇಡಿ. ನಾವು ಹಗ್ಗವನ್ನು ಒಂದು ವರ್ಷ ಗೂಟದಲ್ಲೇ ಬಿಟ್ಟೆವು, ಒಂದು ದಿನ ತೆಗೆಯಬೇಕೆನ್ನಿಸಿತು, ತೆಗೆದೆವು. ಮಕ್ಕಳಿಗೆ ‘ಓಡಿಹೋಯಿತು’, ‘ಫಾರ್ಮ್‌ಹೌಸಿಗೆ ಕಳಿಸಿದೆವು’ ಅಂತ ಸುಳ್ಳು ಹೇಳಬೇಡಿ, ಅವು ಕಾಯುತ್ತಲೇ ಇರುತ್ತವೆ. ಕೊನೆಯ ಇಂಜೆಕ್ಷನ್ನಿನ ಹೊತ್ತಿಗೆ ಹೊರಗೆ ನಿಲ್ಲಬೇಡಿ, ಕಷ್ಟವಾದರೂ ಹತ್ತಿರ ಇರಿ, ಅದಕ್ಕೆ ಪರಿಚಯದ ಧ್ವನಿ ಕೇಳಲಿ. ಹೊತ್ತಿಗೆ ಸರಿಯಾಗಿ ತಿರುಗಾಡಲು ಹೋಗುವ ಅಭ್ಯಾಸ ಬಿಡಬೇಡಿ, ಬರಿಗೈಯಲ್ಲಾದರೂ ಹೋಗಿ. ಒಬ್ಬಂಟಿ ಮುದುಕರು ಸಾಕಿದ್ದರೆ ಅವರ ಮೇಲೆ ಕಣ್ಣಿಡಿ. ವಾರಗಟ್ಟಲೆ ನಿದ್ದೆ ಊಟ ಬಿಟ್ಟರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ. ಇನ್ನೊಂದು ಮರಿ ತರುವುದು ಬಿಡುವುದು ಅವರ ಮನಸ್ಸು, ನಿಮ್ಮದಲ್ಲ.

ಊರವರಿಗೆಲ್ಲ ಬೈದು ಮುಗಿಸಿದರೆ ಅನ್ಯಾಯವಾದೀತು. ಕೆಂಚ ಹೋದ ರಾತ್ರಿ ಆಯಿಗೆ ಫೋನು ಮಾಡಿದ್ದೆ. ಆಗ ಎಂಬತ್ತೆರಡು ವರ್ಷ. ಮುಂಬೈಗೆ ಬಂದದ್ದು ಎರಡೇ ಸಲ, ಬಂದಾಗ ಕೆಂಚನನ್ನು ಅಡಿಗೆಮನೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಮಡಿಯವರು. ಬೈಯುತ್ತಾರೇನೋ ಅಂತ ಹೆದರಿಕೊಂಡೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು:

‘ಎಲ್ಲಿ ಹುಗದ್ರೋ? ಮಣ್ಣು ಸಿಕ್ತನೋ ಅಲ್ಲಿ?’

ಸಿಕ್ಕಿತು ಅಂದೆ.

‘ನೀ ಉಂಡ್ಯಾ?’ ಅಂದರು.

ಇಷ್ಟೇ. ಬೇರೇನೂ ಹೇಳಲಿಲ್ಲ. ಮಡಿ ಬಿಡದ ಆ ಹಳೇಕಾಲದ ಹೆಂಗಸಿಗೆ ಗೊತ್ತಿದ್ದದ್ದು ಓದಿದ ನಿಮಗೂ ನನಗೂ ಯಾಕೆ ಮರೆತುಹೋಯಿತು? ಮುಂಬೈಯಿಂದಲೋ ಪುಣೆಯಿಂದಲೋ ಹೈದರಾಬಾದಿನಿಂದಲೋ ನಿಮ್ಮವರು ಯಾರಾದರೂ ಇಂಥ ಸುದ್ದಿಗೆ ಫೋನು ಮಾಡಿದರೆ ದಯವಿಟ್ಟು ಉಪದೇಶ ಬೇಡ. ಈ ಎರಡು ಪ್ರಶ್ನೆ ಕೇಳಿ, ಸಾಕು. ಅದೂ ಆಗದಿದ್ದರೆ ಹೆಸರೇನಿತ್ತು ಅಂತಲಾದರೂ ಕೇಳಿ.